ಜಗಳವಿಲ್ಲದ ಭಾಷೆ

ಊರಲ್ಲಿ ಅವಳನ್ನು ಇಟ್ಟ ಹೆಸರಿನಿಂದ ಕರೆದವರು ಕಡಿಮೆ. ತೊಟ್ಟಿಲಲ್ಲಿದ್ದಾಗಲೇ ಕಿಟಕಿಯ ಗುಬ್ಬಚ್ಚಿಗಳ ಜೊತೆ ವಾದಕ್ಕೆ ಬೀಳುತ್ತಿದ್ದಳೆಂದು ಅಜ್ಜಿ 'ಮಾತಿನಮಲ್ಲಿ' ಎಂದಿದ್ದಳು. ಅದು ಬಾಯಿಂದ ಬಾಯಿಗೆ ಸವೆದು ಬರೀ ಮಲ್ಲಿಯಾಗಿ ನಿಂತಿತ್ತು. ಮನೆಯಲ್ಲಿ ಯಾರಿಗೆ ಯಾರ ಮೇಲೆ ದೂರಿದ್ದರೂ ಮಲ್ಲಿಯ ಮುಂದೆ ಬರುತ್ತಿತ್ತು. ಅತ್ತೆ ಕೊಂಡುಹೋದ ಕೊಡೆ ವಾಪಸು ತರಲಿಲ್ಲವೆಂದು ಚಿಕ್ಕಪ್ಪ, ಕೊಡೆ ಕೊಟ್ಟಾಗಲೇ ಕಡ್ಡಿ ಮುರಿದಿತ್ತೆಂದು ಅತ್ತೆ. ಮಲ್ಲಿ ಇಬ್ಬರ ಪರವಾಗಿಯೂ ವಾದ ಮಾಡಿ, ಕೊನೆಗೆ ತೀರ್ಪನ್ನೂ ತಾನೇ ಕೊಟ್ಟು, ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದಳು. "ಇವಳನ್ನ ಲಾ ಓದಿಸ್ದೆ ಬಿಟ್ರೆ ನಮ್ಮ ತಲೇನೇ ತಿಂದು ಮುಗಿಸ್ತಾಳೆ" ಎಂದು ಅಪ್ಪ ಅವಳನ್ನು ಕಾನೂನು ಕಾಲೇಜಿಗೆ ಸೇರಿಸಿದ.

ಅಂಥ ಮಲ್ಲಿ ಅರ್ಧ ವರ್ಷದ ವಿನಿಮಯ ವ್ಯಾಸಂಗಕ್ಕೆಂದು ಕಡಲಾಚೆಗೆ ಬಂದವಳು ಮೂಕಿಯಾಗಿಬಿಟ್ಟಳು.

ತರಗತಿಗಳೇನೋ ಇಂಗ್ಲಿಷಿನಲ್ಲೇ ನಡೆಯುತ್ತಿದ್ದವು. ಆದರೆ ತರಗತಿಯ ಬಾಗಿಲು ದಾಟಿದರೆ ಎಲ್ಲವೂ ಆ ನಾಡಿನ ಮಾತು. ಬರುವ ಮುಂಚೆ ಪುಸ್ತಕವಿಟ್ಟುಕೊಂಡು ಕಲಿತಿದ್ದಳು, ನಿಜ. ಪುಸ್ತಕದ ಮಾತು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ, ಬೀದಿಯಲ್ಲಿ ಜನ ಆಡುವುದು ಒಗೆದು ಮುದುರಿ ಎಸೆದದ್ದರ ಹಾಗೆ. ಅಂಗಡಿಯವಳು ಏನೋ ಕೇಳಿದರೆ ಮಲ್ಲಿ ತಲೆಯಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಹಿಂದಿನವರು ಮುಂದೆ ಬಂದಿರುತ್ತಿದ್ದರು. ಮೆಲ್ಲಗೆ ಅವಳು ಬೆರಳು ತೋರಿಸಿ ಕೊಳ್ಳುವುದನ್ನು, ನಕ್ಕು ದಾಟುವುದನ್ನು ಕಲಿತಳು.

ಆ ಊರಿಗೂ ಮಾತು ಕಡಿಮೆ. ಬೆಳಿಗ್ಗೆ ಎದ್ದರೆ ನದಿಯಿಂದ ಮೇಲೆದ್ದ ಮಂಜು ಬೀದಿಯನ್ನೆಲ್ಲ ನುಂಗಿರುತ್ತಿತ್ತು. ಅವಳ ಕೋಣೆ ಮಹಡಿಯ ಮೇಲಿನ ಮಹಡಿ. ಇಳಿಜಾರು ಮಾಡಿನಲ್ಲಿ ಒಂದು ಕಿಟಕಿ, ಅದರಾಚೆ ಬರೀ ಆಕಾಶ. ಟ್ರಾಮು ಮಂಜಿನೊಳಗಿಂದ ಮೊದಲು ಗಂಟೆಯಾಗಿ, ಆಮೇಲೆ ದೀಪವಾಗಿ, ಕೊನೆಗೆ ಟ್ರಾಮಾಗಿ ಬರುತ್ತಿತ್ತು. ಹಬೆ ಹಿಡಿದ ಗಾಜಿನ ಪಕ್ಕ ಕೂತ ಜನ ಬಾಯಿ ಆಡಿಸುವುದು ಕಾಣುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ನೀರೊಳಗೆ ಮುಳುಗಿ ದಡದವರ ಮಾತು ಕೇಳಿಸಿಕೊಂಡ ಹಾಗೆ. ಮೊದಮೊದಲು ಅದು ಅಳು ತರಿಸುತ್ತಿತ್ತು. ಬರಬರುತ್ತ ಅದರಲ್ಲೇ ಒಂದು ಸುಖವೂ ಇದೆ ಅನ್ನಿಸತೊಡಗಿತು. ಇದನ್ನು ಮಾತ್ರ ಅವಳು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅಮ್ಮ ಮುಂದಿನ ವಿಮಾನಕ್ಕೇ ಹೊರಟುಬರುತ್ತಿದ್ದಳು.

ವಾರಕ್ಕೆರಡು ಮಧ್ಯಾಹ್ನ ಕುಟುಂಬ ನ್ಯಾಯಾಲಯದಲ್ಲಿ ಕೂತು ಕಲಾಪ ನೋಡುವುದು ಅವಳ ಪಾಠದ ಭಾಗವಾಗಿತ್ತು. ಹಳೆಯ ಕಟ್ಟಡ. ಹೆಜ್ಜೆಯಿಟ್ಟರೆ ಮರದ ನೆಲ ಮುಲುಗುತ್ತಿತ್ತು. ಕಾದ ಕಬ್ಬಿಣದ ಕೊಳವೆಗಳ ಪಕ್ಕ, ಹಿಂದಿನ ಬೆಂಚಿನಲ್ಲಿ, ಪರದೇಶದ ವಿದ್ಯಾರ್ಥಿಗಳಿಗೆ ಜಾಗ. ಆ ಸಲ ಪರದೇಶದವಳೆಂದರೆ ಮಲ್ಲಿ ಒಬ್ಬಳೇ. ಅವಳ ಪಕ್ಕಕ್ಕೆ ವಿಶ್ವವಿದ್ಯಾಲಯ ಕಳಿಸಿದ ದುಭಾಷಿ ಹೆಂಗಸು ಬಂದು ಕೂರುತ್ತಿದ್ದಳು. ತಲೆ ನೆರೆದ, ಉದ್ದನೆಯ ಕತ್ತಿಗೆ ಉಣ್ಣೆಯ ಶಾಲು ಸುತ್ತಿದ, ಸದಾ ಬಾಯಲ್ಲಿ ಗಂಟಲಿನ ಗುಳಿಗೆ ಇಟ್ಟುಕೊಂಡ ಹೆಂಗಸು. ಕೋರ್ಟಿನಲ್ಲಿ ಆಡಿದ್ದನ್ನೆಲ್ಲ ಅವಳು ಮಲ್ಲಿಯ ಕಿವಿಯ ಹತ್ತಿರ ಬಾಗಿ ಇಂಗ್ಲಿಷಿನಲ್ಲಿ ಪಿಸುಗುಡುವಳು. ಮಲ್ಲಿ ಫೋನಿನಲ್ಲಿ ಅಮ್ಮನಿಗೆ ಅವಳನ್ನು 'ಪಿಸುಪಿಸು ಆಂಟಿ' ಎಂದೇ ಪರಿಚಯಿಸಿದ್ದಳು.

ಆ ಪಿಸುದನಿಗೆ ವಿಚಿತ್ರವಾದ ಒಂದು ಗುಣವಿತ್ತು. ಗಡ್ಡದ ಗಂಡಸು ಎದ್ದುನಿಂತು ಗುಡುಗಿದರೂ ಮಲ್ಲಿಯ ಕಿವಿಗೆ ಬೀಳುತ್ತಿದ್ದದ್ದು ಅದೇ ಮೆತ್ತನೆಯ ದನಿ, ಒಂದು ಉಸಿರು ತಡವಾಗಿ: "ನಾನು ಅವಳನ್ನು ಎಂದೂ ಕ್ಷಮಿಸುವುದಿಲ್ಲ." ಅಳುವ ಹೆಂಡತಿಯದೂ ಅದೇ ದನಿ. ಬೇಸರದ ಗುಮಾಸ್ತನದೂ ಅದೇ. ಕೊಳವೆಗಳ ಬಿಸಿಗೆ ಕಣ್ಣು ಎಳೆಯುವಾಗ, ಜಗತ್ತಿನ ಗಂಡ ಹೆಂಡಿರೆಲ್ಲ ಒಬ್ಬಳೇ ಹೆಂಗಸಾಗಿ ತನ್ನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು.

"ನಿಮಗೆ ಮಾತಾಡಿ ಮಾತಾಡಿ ಸಾಕಾಗಲ್ವಾ?" ಎಂದು ಮಲ್ಲಿ ಒಮ್ಮೆ ಕೇಳಿದ್ದಳು.

"ಮನೆಗೆ ಹೋದ್ರೆ ನಾನು ಬಾಯೇ ಬಿಡಲ್ಲ" ಎಂದಿದ್ದಳು ದುಭಾಷಿ. "ನಮ್ಮೆಜಮಾನ್ರು ನನ್ನಷ್ಟು ಒಳ್ಳೆ ಹೆಂಡತಿ ಇಲ್ಲ ಅಂದ್ಕೊಂಡಿದಾರೆ."

ಚಳಿಗಾಲದ ನಡುವೆ ಒಂದು ಮೊಕದ್ದಮೆ ಬಂತು. ತಂದೆ ಸೇತುವೆ ಕಟ್ಟುವ ಇಂಜಿನಿಯರು, ತಾಯಿ ಕಣ್ಣಿನ ಡಾಕ್ಟರು. ಬೇರೆಯಾಗುವುದಕ್ಕೆ ಇಬ್ಬರಿಗೂ ಒಪ್ಪಿಗೆ ಇತ್ತು. ಏಳು ವರ್ಷದ ಮಗಳು ಯಾರ ಹತ್ತಿರ ಇರಬೇಕೆಂಬುದಕ್ಕೆ ಇರಲಿಲ್ಲ. ಮಗುವನ್ನು ಪರೀಕ್ಷಿಸಿದ ತಜ್ಞರು, ಅದು ತಿಂಗಳುಗಳಿಂದ ತುಟಿ ಬಿಚ್ಚಿಲ್ಲ, ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ ಎಂದಿದ್ದರು. ಅದಕ್ಕೆ ಕಾರಣ ನೀನು ಎಂದು ತಂದೆ, ನೀನು ಎಂದು ತಾಯಿ. ಮಗುವನ್ನು ಹುಟ್ಟಿದಂದಿನಿಂದ ನೋಡಿಕೊಂಡ ಆಯಾಳನ್ನು ಅವತ್ತು ಸಾಕ್ಷಿಗೆ ಕರೆಸಿದ್ದರು.

ಆಯಾ ಒಳಗೆ ಬಂದಳು. ಐವತ್ತರ ಆಸುಪಾಸು, ಯಾರದೋ ಅಳತೆಯ ಕೋಟು, ಬಿಗಿಯಾಗಿ ಕಟ್ಟಿದ ತುರುಬು. ಆ ದಂಪತಿ ಕೆಲಸದ ಮೇಲೆ ಕೆಲವು ವರ್ಷ ಮಲ್ಲಿಯ ದೇಶದಲ್ಲಿದ್ದರು. ಮಗು ಹುಟ್ಟಿದ್ದು ಅಲ್ಲಿ, ವಾಪಸು ಬರುವಾಗ ಆಯಾಳನ್ನೂ ಕರೆತಂದರು ಎಂದು ದುಭಾಷಿ ಪಿಸುಗುಟ್ಟಿದಳು. ಕಚೇರಿಯವರು ಆಯಾಳಿಗಾಗಿ ಫೋನಿನಲ್ಲಿ ಒಬ್ಬ ಅನುವಾದಕನನ್ನು ಹಿಡಿದಿದ್ದರು. ಆ ದೇಶಕ್ಕೆಲ್ಲ ಒಂದೇ ಮಾತು ಎಂಬುದು ಅವರ ಎಣಿಕೆ. ಫೋನಿನೊಳಗಿನ ಮನುಷ್ಯ ಇನ್ಯಾವುದೋ ಪ್ರಾಂತ್ಯದ ಭಾಷೆಯಲ್ಲಿ ಪ್ರಮಾಣ ವಚನ ಹೇಳತೊಡಗಿದ. ಆಯಾ ಭಕ್ತಿಯಿಂದ ಕೊನೆಯವರೆಗೂ ಕೇಳಿದಳು. ಆಮೇಲೆ ತನ್ನಷ್ಟಕ್ಕೆ, "ಇವನು ಏನಂತಾನೋ ಆ ಶಿವನೇ ಬಲ್ಲ" ಅಂದಳು.

ಹಿಂದಿನ ಬೆಂಚಿನಲ್ಲಿ ಮಲ್ಲಿ ಫಕ್ಕನೆ ನಕ್ಕುಬಿಟ್ಟಳು.

ಇಡೀ ಕೋರ್ಟು ತಿರುಗಿ ನೋಡಿತು. ಎಷ್ಟು ದಿನವಾಗಿತ್ತೋ ತನ್ನೂರಿನ ಮಾತು ಕಿವಿಗೆ ಬಿದ್ದು! ಫೋನಿನ ತಂತಿಯಿಂದಲ್ಲ, ಎದುರಿಗೆ ನಿಂತ ಬಾಯಿಂದ. ನಗುವಿನ ಹಿಂದೆಯೇ ಕಣ್ಣು ತುಂಬಿ ಬಂತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ ಏನೋ ಕೇಳಿದರು. ದುಭಾಷಿ ಎದ್ದುನಿಂತು ಉತ್ತರಿಸಿದಳು. ವಕೀಲರು ತಮ್ಮ ತಮ್ಮಲ್ಲಿ ಮಾತಾಡಿ ತಲೆಯಾಡಿಸಿದರು. ನೋಡನೋಡುತ್ತ ಮಲ್ಲಿ ಕಟಕಟೆಯ ಪಕ್ಕ ನಿಂತು ಕೈ ಎತ್ತಿ ಪ್ರಮಾಣ ಮಾಡುತ್ತಿದ್ದಳು. ಆಯಾಳ ಮಾತನ್ನು ಅವಳು ಇಂಗ್ಲಿಷಿಗೆ ತರುವುದು, ಅದನ್ನು ದುಭಾಷಿ ಕೋರ್ಟಿನ ಭಾಷೆಗೆ ದಾಟಿಸುವುದು ಎಂದು ಗೊತ್ತಾಯಿತು.

"ಒಂದೇ ನಿಯಮ" ಎಂದಳು ದುಭಾಷಿ ಕಿವಿಯಲ್ಲಿ. "ಅವರು 'ನಾನು' ಅಂದ್ರೆ ನೀನೂ 'ನಾನು' ಅನ್ನು. 'ಅವರು ಹೀಗಂತಾರೆ' ಅಂತ ಬಾಲ ಹಚ್ಚಬೇಡ. ಕೂಡಿಸಬೇಡ, ಕಳೀಬೇಡ. ಅಲ್ಲಿ ನೀನು ಇಲ್ಲವೇ ಇಲ್ಲ ಅಂದ್ಕೋ."

ಆಯಾ ಮಲ್ಲಿಯನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ ಮಗಳವ್ವ ನೀನು? ಇಷ್ಟು ದೂರ ಬಂದು ಇಲ್ಲಿ ಏನ್ಮಾಡ್ತಿದೀಯ?"

ಅದನ್ನೂ ಅನುವಾದಿಸಬೇಕೋ ಬೇಡವೋ ತಿಳಿಯದೆ ಮಲ್ಲಿ ಅನುವಾದಿಸಿದಳು. ನ್ಯಾಯಾಧೀಶರ ಮೀಸೆಯಂಚು ಅಲುಗಿತು.

"ಮಗು ಕೊನೆಯ ಬಾರಿ ಮಾತಾಡಿದ್ದು ಯಾವಾಗ?" ಎಂದು ತಂದೆಯ ವಕೀಲರು ಶುರು ಮಾಡಿದರು.

"ಇವತ್ತು ಬೆಳಿಗ್ಗೆ" ಎಂದಳು ಆಯಾ. "ಕಾಲುಚೀಲ ಚುಚ್ಚತ್ತೆ, ಹಾಕ್ಕೊಳ್ಳಲ್ಲ ಅಂದ್ಲು."

ಮಾತು ಮಲ್ಲಿಯ ಬಾಯಿಂದ ದುಭಾಷಿಗೆ, ಅವಳಿಂದ ಕೋರ್ಟಿಗೆ ದಾಟಿತು. ತಾಯಿ ತಟ್ಟನೆ ತಲೆಯೆತ್ತಿದಳು. ತಂದೆಯ ಕೈಯಲ್ಲಿದ್ದ ಪೆನ್ನು ನಿಂತಿತು.

"ಯಾವ ಭಾಷೆಯಲ್ಲಿ?"

"ನಮ್ಮ ಮಾತಲ್ಲಿ. ಇನ್ಯಾವುದರಲ್ಲಿ ಸ್ವಾಮಿ?"

"ಇದನ್ನು ನೀವು ಯಾರಿಗೂ ಹೇಳಲಿಲ್ಲವೇಕೆ?"

"ಯಾರು ಕೇಳಿದ್ರು? ಕೇಳಿದ್ರೂ ಯಾವ ಬಾಯಲ್ಲಿ ಹೇಳ್ಲಿ? ಇಲ್ಲಿಯ ಮಾತು ನನಗೆ ಬರೋದು ಹಾಲು, ಬಾಗಿಲು, ಬಸ್ಸು ಅಷ್ಟೇ. ಮನೆ ಕೆಲಸವೆಲ್ಲ ಕೈಸನ್ನೆಯಲ್ಲೇ ನಡೆಯತ್ತೆ. ರೂಮಲ್ಲಿ ನಾವಿಬ್ರೇ ಇದ್ದಾಗ ಗುಸುಗುಸು ಮಾತಾಡ್ತಾಳೆ. ಹೊರಗಿದ್ದೋರು ಹಾಡ್ಕೊಳ್ತಿದಾಳೆ ಅಂದ್ಕೊಂಡಿರಬೇಕು."

ತಾಯಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅವಳು ಹಾಗೆಯೇ ಅಂದುಕೊಂಡಿದ್ದಳು.

"ತಪ್ಪು ಯಾರದು ಎಂದು ನಿಮಗನ್ನಿಸುತ್ತದೆ?"

ಆಯಾ ಸೆರಗಿಲ್ಲದ ಕೋಟಿನ ಅಂಚನ್ನೇ ಬೆರಳಿಗೆ ಸುತ್ತಿಕೊಂಡಳು. "ಇಬ್ಬರ ಉಪ್ಪೂ ತಿಂದೋಳು ನಾನು. ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೀಬೇಕು ಅಂತಾರೆ. ಯಾರನ್ನ ಬೈಲಿ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು, ಅಷ್ಟೇ."

ಮಲ್ಲಿ ಗಾದೆಗಳ ಜೊತೆ ಗುದ್ದಾಡಿದಳು. ಉಪ್ಪು ಹೇಗೋ ದಾಟಿತು. 'ಬಡವಾಯ್ತು' ಎಂಬಲ್ಲಿ ಗಡಿಬಿಡಿಯಲ್ಲಿ ಮಗು ಬಡತನಕ್ಕೆ ಬಿತ್ತು ಅಂದುಬಿಟ್ಟಳು. ತಂದೆಯ ವಕೀಲರು ಕುರ್ಚಿಯಿಂದ ಚಿಮ್ಮಿ, ತಮ್ಮ ಕಕ್ಷಿದಾರ ಪ್ರತಿ ತಿಂಗಳೂ ತಪ್ಪದೆ ಖರ್ಚು ಕೊಡುತ್ತಿದ್ದಾರೆಂದು ಕೈ ಬೀಸಿ ವಾದಿಸತೊಡಗಿದರು. ತಾಯಿಯ ವಕೀಲೆಯೂ ಎದ್ದಳು. ಕೋರ್ಟಿನಲ್ಲಿ ಸಂತೆಯಾಯಿತು. "ಅಲ್ಲ, ಅಲ್ಲ" ಎಂದಳು ಮಲ್ಲಿ, ತನ್ನ ದನಿಗೆ ತಾನೇ ಬೆಚ್ಚಿ. "ದುಡ್ಡಿನ ಬಡತನ ಅಲ್ಲ. ಸೊರಗೋದು. ಒಳಗೇ ಬತ್ತಿಹೋಗೋದು." ವಕೀಲರಿಬ್ಬರೂ ಮೆಲ್ಲಗೆ ಕೂತರು.

ಆಮೇಲೆ ನ್ಯಾಯಾಧೀಶರೇ ಕೇಳಿದರು. "ಮಗು ಮಾತಾಡುವುದು ನಿಮ್ಮೊಬ್ಬರ ಹತ್ತಿರ. ತೀರ್ಪು ಯಾರ ಕಡೆಗಾದರೂ ಆಗಲಿ, ನೀವು ಅವಳ ಜೊತೆ ಇಲ್ಲೇ ಇರಬಲ್ಲಿರಾ?"

ಉತ್ತರ ಏನೆಂದು ಮಲ್ಲಿಗೆ ಗೊತ್ತಿತ್ತು. ಅವಳು ಇಂಗ್ಲಿಷಿನ ವಾಕ್ಯವನ್ನು ನಾಲಿಗೆಯ ತುದಿಯಲ್ಲಿ ತಂದಿಟ್ಟುಕೊಂಡೇ ಕಾದಳು. ಹೆತ್ತವಳಲ್ಲದಿದ್ದರೂ ಸಾಕಿದವಳು, ಬಿಟ್ಟುಹೋಗುವುದುಂಟೆ? ಮುಂದೆ ಕಾಲೇಜಿನಲ್ಲಿ ಈ ಪ್ರಕರಣದ ಮೇಲೆ ತಾನು ಬರೆಯುವ ಪ್ರಬಂಧ ಕೂಡ ಕಣ್ಮುಂದೆ ಹಾದುಹೋಯಿತು.

ಆಯಾ ಬೆರಳಿಗೆ ಸುತ್ತಿದ್ದ ಕೋಟಿನ ಅಂಚನ್ನು ಬಿಡಿಸಿದಳು.

"ಇಲ್ಲ ಸ್ವಾಮಿ. ನಾನು ಮನೆಗೆ ಹೋಗ್ಬೇಕು."

ಮಲ್ಲಿಯ ನಾಲಿಗೆಯ ಮೇಲಿದ್ದ ವಾಕ್ಯ ಹಾಗೇ ಒಣಗಿತು.

"ನನ್ನ ಮಗಳನ್ನ ಇಷ್ಟುದ್ದ ಇದ್ದಾಗ ಅಕ್ಕನ ಮಡಿಲಿಗೆ ಹಾಕಿ ಕೆಲಸಕ್ಕೆ ಬಂದೋಳು ನಾನು. ಊರವರ ಮಕ್ಕಳನ್ನೆಲ್ಲ ಎತ್ತಿ ಆಡಿಸ್ದೆ. ಈಗ ಅವಳು ಬಸುರಿ. ಚೊಚ್ಚಲ. ಈ ಸಲವೂ ನಾನಿರಲಿಲ್ಲ ಅಂದ್ರೆ ಅವಳು ನನ್ನ ಮುಖ ನೋಡ್ತಾಳಾ? ಈ ಕೂಸಿನ ಮೇಲೆ ನನಗೆ ಜೀವ ಇದೆ. ಆದ್ರೂ ನಾನು ದಣಿದಿದೀನಿ. ಮನೆಗೆ ಹೋಗ್ಬೇಕು."

ಕೋರ್ಟು ಮಲ್ಲಿಯ ಮುಖ ನೋಡುತ್ತಿತ್ತು. ಕೂಡಿಸಬೇಡ, ಕಳೀಬೇಡ. ಅವಳು ಹೇಳಿದಳು. ನಾನು ನನ್ನ ಮಗಳನ್ನು ಬಿಟ್ಟು ಬಂದೆ. ನಾನು ದಣಿದಿದ್ದೇನೆ. ನಾನು ಮನೆಗೆ ಹೋಗಬೇಕು. ಹೇಳುತ್ತ ಹೇಳುತ್ತ ದನಿ ನಡುಗಿತು, ಅದು ಯಾರ ನಡುಕವೋ ತಿಳಿಯಲಿಲ್ಲ. ಬೆನ್ನ ಹಿಂದಿನಿಂದ ದುಭಾಷಿಯ ಮೆತ್ತನೆಯ ದನಿ ಅದೇ ಮಾತನ್ನು ಮೂರನೆಯ ಸಲ, ಮೂರನೆಯ ಭಾಷೆಯಲ್ಲಿ ಆಡಿತು. ಎತ್ತರದ ಕಿಟಕಿಗಳಾಚೆ ಬೆಳಕು ಆಗಲೇ ಬೂದಿಯಾಗುತ್ತಿತ್ತು. ಒಂದು ಗಳಿಗೆ, ಆ ಕೋಣೆಯಲ್ಲಿದ್ದ ಎಲ್ಲರಿಗೂ ಮನೆಗೆ ಹೋಗಬೇಕಾಗಿದೆ, ಯಾರಿಗೂ ದಾರಿ ಗೊತ್ತಿಲ್ಲ ಅನ್ನಿಸಿತು.

ಮುಂದಿನ ವಾರ ನ್ಯಾಯಾಧೀಶರು ಮಗುವನ್ನು ತಮ್ಮ ಖಾಸಗಿ ಕೋಣೆಗೆ ಕರೆಸಿಕೊಂಡರು. ಕರಿಯ ಗೌನು ಗೂಟದಲ್ಲಿತ್ತು. ಉಣ್ಣೆಯ ಬನಿಯನ್ನಿನಲ್ಲಿ ಅವರು ಯಾರದೋ ತಾತನ ಹಾಗೆ ಕಾಣುತ್ತಿದ್ದರು. ಮೇಜಿನ ಮೇಲೆ ಬಣ್ಣದ ಪೆನ್ಸಿಲುಗಳು. ಆಯಾ ಹೊರಗೆ ಕೂರಬೇಕಾಯಿತು. ಹುಡುಗಿ ನೇರ ಮೇಜಿನ ಕೆಳಗೆ ತೂರಿದವಳು ಹೊರಗೆ ಬರಲೊಲ್ಲಳು. ಮಲ್ಲಿ ನೆಲದ ಮೇಲೆ ಕೂತು ಬಗ್ಗಿ ನೋಡಿದಳು. ಏನು ಕೇಳಬೇಕೆಂದು ತೋಚದೆ, "ಕಾಲುಚೀಲ ಇವತ್ತೂ ಚುಚ್ಚತ್ತಾ?" ಎಂದಳು.

ಕತ್ತಲಲ್ಲಿ ಎರಡು ಕಣ್ಣು ಅರಳಿದವು. "ನಿಂಗೂ ಈ ಮಾತು ಬರತ್ತಾ?" ಎಂಬ ಸಣ್ಣ ದನಿ ಬಂತು.

"ಬರತ್ತೆ."

"ಇದು ಆಯಾ ಮತ್ತೆ ನಾನೇ ಮಾಡ್ಕೊಂಡಿದ್ದಲ್ವಾ?"

"ಅಲ್ಲ ಪುಟ್ಟಿ. ತುಂಬ ಜನಕ್ಕೆ ಬರತ್ತೆ. ಬಸ್ಸು ತುಂಬ, ಅಂಗಡಿ ತುಂಬ, ಬೀದಿ ತುಂಬ. ಎಲ್ರೂ ಇದನ್ನೇ ಮಾತಾಡ್ತಾರೆ."

ಹುಡುಗಿ ಆ ಊರನ್ನು ಕಲ್ಪಿಸಿಕೊಳ್ಳುತ್ತ ಕೂತಳು. ಎರಡು ವರ್ಷದವಳಿದ್ದಾಗ ಬಿಟ್ಟುಬಂದ ಊರು ಅವಳಿಗೆಲ್ಲಿ ನೆನಪಿರಬೇಕು? ಮಲ್ಲಿಯೂ ಕಲ್ಪಿಸಿಕೊಂಡಳು. ಮೇಜಿನ ಕೆಳಗೆ ಇಬ್ಬರೂ ಒಂದು ಬಸ್ಸು ಹತ್ತಿ ಹೋಗಿಬಂದ ಹಾಗಾಯಿತು.

ನ್ಯಾಯಾಧೀಶರು ಮೇಲಿನಿಂದ ಮೆಲ್ಲಗೆ ಕೇಳಿದ್ದನ್ನು ದುಭಾಷಿ ದಾಟಿಸಿದಳು, ಮಲ್ಲಿ ಕೆಳಗೆ ಒಯ್ದಳು. "ಅಪ್ಪ ಅಮ್ಮನ ಹತ್ರ ಯಾಕೆ ಮಾತಾಡಲ್ಲ ನೀನು?"

"ಅವರ ಭಾಷೇಲಿ ಬರೀ ಜಗಳ ಇದೆ" ಎಂದಳು ಹುಡುಗಿ. "ಇದ್ರಲ್ಲಿ ಜಗಳ ಇಲ್ಲ."

ಚಿಕ್ಕಪ್ಪ, ಅತ್ತೆ, ಕೊಡೆ, ಹಿತ್ತಲಿನ ಬೇಲಿಯ ಮೇಲೆ ಬಾಗಿ ಪಕ್ಕದ ಮನೆಯವರ ಏಳು ತಲೆಮಾರು ಜಾಲಾಡುವ ಅಜ್ಜಿ, ಎಲ್ಲರೂ ಒಟ್ಟಿಗೆ ಮಲ್ಲಿಯ ಗಂಟಲಿಗೆ ಬಂದು ನಿಂತರು. ಅವಳು ಅವರನ್ನು ಅಲ್ಲೇ ತಡೆದು, ಹುಡುಗಿ ಹೇಳಿದಷ್ಟನ್ನೇ ಹೇಳಿದಳು. ದುಭಾಷಿ ಅದನ್ನು ದಾಟಿಸಿದ ಮೇಲೆ ನ್ಯಾಯಾಧೀಶರು ಎದ್ದು ಕಿಟಕಿಯ ಹತ್ತಿರ ಹೋಗಿ, ಏನೂ ಕಾಣದ ಮಂಜನ್ನು ನೋಡುತ್ತ ನಿಂತರು.

ತೀರ್ಪು ದೊಡ್ಡದೇನಲ್ಲ. ಶಾಲೆಯ ದಿನಗಳಲ್ಲಿ ಮಗು ತಾಯಿಯ ಹತ್ತಿರ, ವಾರದ ಕೊನೆಗೆ ತಂದೆಯ ಹತ್ತಿರ. ಚಳಿ ಇಳಿದ ಮೇಲೆ ಆಯಾ ಊರಿಗೆ. ಓದಿ ಮುಗಿಸಿ, ನ್ಯಾಯಾಧೀಶರು ಕಾಗದ ಕೆಳಗಿಟ್ಟು ಇಬ್ಬರನ್ನೂ ನೋಡಿದರು. "ನಿಮ್ಮ ಮಗಳು ಮೂಕಿಯಲ್ಲ. ಅವಳು ಮಾತಾಡುತ್ತಲೇ ಇದ್ದಾಳೆ. ಆ ಭಾಷೆಯನ್ನು ಕಲಿಯಿರಿ ಎಂದು ಆಜ್ಞೆ ಮಾಡುವ ಅಧಿಕಾರ ನನಗಿಲ್ಲ."

ಅವತ್ತು ಮೊಗಸಾಲೆಯಲ್ಲಿ ತಾಯಿ ಮಲ್ಲಿಗಾಗಿ ಕಾಯುತ್ತಿದ್ದಳು. ಡಾಕ್ಟರರ ಹಾಗೆ ನೇರವಾಗಿ, ನಿಧಾನವಾದ ಇಂಗ್ಲಿಷಿನಲ್ಲಿ, "ನನಗೆ ಕಲಿಸ್ತೀರಾ?" ಎಂದಳು. ಅವಳ ಕಣ್ಣ ಸುತ್ತ ನಿದ್ದೆಗೆಟ್ಟ ಕಪ್ಪು ಇತ್ತು.

ಹಾಗೆ ಮಲ್ಲಿ ಟೀಚರಾದಳು. ಕಾಲೇಜು ಮುಗಿಸಿ ಸಂಜೆ ಆ ಮನೆಗೆ ಹೋಗುವಳು. ಅಡುಗೆಮನೆಯ ಮೇಜಿನ ಒಂದು ಬದಿಗೆ ತಾಯಿ, ಒಂದು ಬದಿಗೆ ಮಲ್ಲಿ, ನಡುವೆ ಆಯಾ ಸೊಪ್ಪು ಬಿಡಿಸುತ್ತ ಪರೀಕ್ಷಕಿಯ ಗತ್ತಿನಲ್ಲಿ. 'ಹಸಿವಾ?', 'ಎಲ್ಲಿ ನೋಯ್ತಿದೆ?', 'ಬಾ ಇಲ್ಲಿ'. ತಾಯಿಯ ಬಾಯಲ್ಲಿ 'ಳ' ಹೊರಳುತ್ತಿರಲಿಲ್ಲ. "ನಾಲಿಗೆ ಮಡಚಿ, ಹಿಂದಕ್ಕೆ, ಹಿಂದಕ್ಕೆ" ಎಂದು ಆಯಾ ತನ್ನ ಬಾಯಿ ತೆರೆದು ತೋರಿಸುವಳು. ಅದನ್ನು ಅನುವಾದಿಸುವ ಗೋಜಿರಲಿಲ್ಲ. ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು, ಕರೆದರೆ ಓಡಿಹೋಗುತ್ತಿದ್ದಳು. ಅವಳು ಮುನಿದಿದ್ದಾಳೆಂದು ಮಲ್ಲಿಗೆ ಹೊತ್ತಾಗಿ ಹೊಳೆಯಿತು. ಜಗಳ ಹೊಗದ ಒಂದೇ ಜಾಗವಿತ್ತು, ಅದರ ಬೀಗದ ಕೈಯನ್ನು ತಾನು ತಂದು ಎಲ್ಲರಿಗೂ ಹಂಚುತ್ತಿದ್ದೇನೆ. ಸರಿಯೋ ತಪ್ಪೋ ಹೇಳುವ ಕಾನೂನು ಅವಳು ಓದಿದ್ದರಲ್ಲಿ ಇರಲಿಲ್ಲ.

ಮರಗಳು ಚಿಗುರುವ ಹೊತ್ತಿಗೆ ಆಯಾ ಹೊರಟಳು. ಹೋಗುವಾಗ ಹುಡುಗಿಯ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, "ಹೋಗಿ ಬರ್ತೀನಿ" ಅಂದಳು. ಬರುವುದಿಲ್ಲ ಎಂದು ಹುಡುಗಿಗೂ ಗೊತ್ತಿತ್ತು. ಅವಳು ಅಳಲಿಲ್ಲ. ಆದರೆ ಆಮೇಲೆ ಮಾತು ನಿಂತೇ ಹೋಯಿತು. ಮಲ್ಲಿಯ ಹತ್ತಿರವೂ ಇಲ್ಲ. ತಾಯಿ ತಾನು ಕಲಿತ ನಾಲ್ಕು ಮಾತನ್ನು ಹಿಡಿದುಕೊಂಡು ಮಗಳ ಹಿಂದೆ ಹಿಂದೆ ತಿರುಗಿದಳು, ಬಾಗಿಲು ತೆರೆಯದ ಮನೆಯ ಮುಂದೆ ನಿಂತ ನೆಂಟರ ಹಾಗೆ.

ಒಂದು ಸಂಜೆ, ಹೊರಗೆ ಇನ್ನೂ ಬೆಳಕಿತ್ತು. ಹುಡುಗಿ ಸೋಫಾದ ಮೇಲೆ ಮುದುಡಿ ಕೂತು ತೂಕಡಿಸುತ್ತಿದ್ದಳು. ತಾಯಿ ಅವಳ ಮುಂದೆ ಮಂಡಿಯೂರಿ, ವಾಕ್ಯವನ್ನು ಒಳಗೊಳಗೇ ಒಮ್ಮೆ ಜೋಡಿಸಿಕೊಂಡು, ಎಚ್ಚರಿಕೆಯಿಂದ ಕೇಳಿದಳು:

"ನಿದ್ದೆ ಬಂದಳಾ?"

ಮಲ್ಲಿ ತಿದ್ದಲು ಬಾಯಿ ತೆರೆದವಳು ಯಾಕೋ ಸುಮ್ಮನಾದಳು.

ಹುಡುಗಿ ಕಣ್ಣು ಬಿಟ್ಟಳು. ಹುಬ್ಬು ಗಂಟಾಯಿತು. ನಿದ್ದೆ ಎಂಬ ಹೆಂಗಸು ಬಾಗಿಲಿಂದ ಒಳಗೆ ನಡೆದು ಬರುವುದು ಅವಳ ಕಣ್ಣಿಗೆ ಕಟ್ಟಿರಬೇಕು. ತುಟಿಯ ಒಂದು ಮೂಲೆ ಸಡಿಲವಾಯಿತು.

"ಬಂದಳಾ ಅಲ್ಲ" ಎಂದಳು ತಾಯಿಯನ್ನೇ ನೋಡುತ್ತ. "ಬಂತಾ ಅನ್ಬೇಕು."

"ಬಂತಾ" ಎಂದಳು ತಾಯಿ.

"ನಿದ್ದೆ ಬಂತಾ."

"ನಿದ್ದೆ ಬಂತಾ?"

"ಬಂತು" ಎಂದು ಹುಡುಗಿ ತಾಯಿಯ ಭುಜಕ್ಕೆ ತಲೆಯಿಟ್ಟಳು.

ಮಲ್ಲಿ ಸದ್ದಾಗದ ಹಾಗೆ ಕೋಟು ಎತ್ತಿಕೊಂಡು ಹೊರಬಿದ್ದಳು. ಕೆಳಗೆ ಗೇಟಿನ ಹತ್ತಿರ ಹುಡುಗಿಯ ತಂದೆ ನಿಂತಿದ್ದ, ನಾಳೆ ಮಗಳನ್ನು ಕರೆದೊಯ್ಯುವ ಮುಂಚೆ ಅವಳ ಬಟ್ಟೆಯ ಚೀಲ ಒಯ್ಯಲೆಂದು ಬಂದವನು, ಮೇಲೆ ಹೋಗಲೋ ಬೇಡವೋ ಎಂದು. ಮಲ್ಲಿಯ ಮುಖ ನೋಡಿ, "ಏನಾಯ್ತು?" ಎಂದ.

"ಮಾತಾಡಿದ್ಲು" ಎಂದಳು ಮಲ್ಲಿ. "ಅಮ್ಮನ ಹತ್ರ. ಅಮ್ಮನ ತಪ್ಪು ತಿದ್ದಿದ್ಲು."

"ಏನಂತ?"

ಹೇಳಿದಳು. ಸೋಫಾ, ನಿದ್ದೆ, ಬಂದಳಾ, ಬಂತಾ, ಎಲ್ಲ. ನಮ್ಮಲ್ಲಿ ನಿದ್ದೆ ಗಂಡೂ ಅಲ್ಲ, ಹೆಣ್ಣೂ ಅಲ್ಲ, ಹಾಗಾಗಿ ಅದು ಬರುವುದೇ ಬೇರೆ ಥರ ಎಂದು ಕೈ ಆಡಿಸಿ ವಿವರಿಸಿದಳು. ಅರ್ಧ ದಾರಿಯಲ್ಲಿ ಅವಳಿಗೆ ಅರಿವಾಯಿತು, ತಾನು ಆಡುತ್ತಿರುವುದು ಇಂಗ್ಲಿಷಲ್ಲ, ಆ ನಾಡಿನ ಮಾತು. ಮುದುರಿದ್ದು, ತಪ್ಪುತಪ್ಪು, ಆದರೂ ತನ್ನದೇ ಬಾಯಿಂದ ತಡೆಯಿಲ್ಲದೆ ಬರುತ್ತಿರುವುದು. ನಿಲ್ಲಿಸಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಅವಳು ನಿಲ್ಲಿಸಲಿಲ್ಲ.

ಅವನು ತಲೆ ಬಾಗಿಸಿ ಕೇಳಿಸಿಕೊಂಡ. ಆಮೇಲೆ ಮೇಲಿನ ಕಿಟಕಿಯ ಕಡೆ ನೋಡುತ್ತ, ಹೊಸ ಸೇತುವೆಯ ಮೇಲೆ ಮೊದಲ ಕಾಲಿಡುವವನ ಹಾಗೆ, ಮೆಲ್ಲಗೆ ಅಂದುನೋಡಿದ. "ಬಂತಾ. ನಿದ್ದೆ ಬಂತಾ."

"ಇನ್ನೊಂದು ಸಲ" ಎಂದಳು ಮಲ್ಲಿ.